ಮಧ್ಯಾಹ್ನ 12ಕ್ಕೆ ನೆರಳು ಉತ್ತರಕ್ಕೆ ಬೀಳುತ್ತಿಲ್ಲ: ತಪ್ಪು ಕೋಲಿನದೋ ಗಡಿಯಾರದ್ದೋ?

ಹುಬ್ಬಳ್ಳಿ ಮೇಷ್ಟ್ರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಭೂಮಿಯ ಚಲನೆಗಳ ಪಾಠಕ್ಕೆ ಒಂಬತ್ತನೇ ತರಗತಿ ಮಕ್ಕಳಿಂದ ಶಾಲೆಯ ಅಂಗಳದಲ್ಲಿ 1 ಮೀಟರ್ ಕೋಲು ನೆಡಿಸಿ ನೆರಳು ಅಳೆಸುತ್ತಿದ್ದೇನೆ. ಊರು ಹುಬ್ಬಳ್ಳಿ, ಅಳೆದ ದಿನ ಫೆಬ್ರವರಿ 10. ಸರಿಯಾಗಿ 12 ಗಂಟೆಗೆ ನೆರಳು ಉತ್ತರಕ್ಕೆ ಇರಬೇಕಿತ್ತು. ಆದರೆ ಪಶ್ಚಿಮದ ಕಡೆಗೆ ಹೆಚ್ಚುಕಡಿಮೆ 20 ಡಿಗ್ರಿ ವಾಲಿತ್ತು. ಮೊಬೈಲ್ ದಿಕ್ಸೂಚಿ ಕೋಲಿನ ಹತ್ತಿರ ಇಟ್ಟರೆ ಒಂದು ದಿಕ್ಕು, ಎರಡು ಹೆಜ್ಜೆ ಆಚೆ ಇಟ್ಟರೆ ಇನ್ನೊಂದು ದಿಕ್ಕು.

ಇದರ ಜೊತೆಗೆ ಮಕ್ಕಳ ಮೂರು ಪ್ರಶ್ನೆಗಳಿವೆ. ನಮ್ಮೂರಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಜೂನ್ 21ಕ್ಕೋ? ಜೂನ್‌ನಲ್ಲೇ ಹಗಲು ಉದ್ದ ಅಂದಮೇಲೆ ಏಪ್ರಿಲ್-ಮೇ ಯಾಕೆ ಹೆಚ್ಚು ಸೆಖೆ? ಉತ್ತರಾಯಣ ಶುರುವಾಗುವುದು ಡಿಸೆಂಬರ್ 22ಕ್ಕೋ, ಸಂಕ್ರಾಂತಿಗೋ? ತರಗತಿಯಲ್ಲಿ ಮಾಡಿ ತೋರಿಸಬಹುದಾದ ಉತ್ತರ ಬೇಕು. ಪುಸ್ತಕದ ವ್ಯಾಖ್ಯೆಗಳು ನಮ್ಮಲ್ಲಿವೆ.

---

ರೇಖಾಂಶ

ಮೇಷ್ಟ್ರೇ, ನಿಮ್ಮ ಕೋಲೂ ಸರಿಯಿದೆ, ಗಡಿಯಾರವೂ ಸರಿಯಿದೆ. ಅವೆರಡೂ ಬೇರೆ ಬೇರೆ ಊರಿನ ಹೊತ್ತು ಹೇಳುತ್ತಿವೆ, ಅಷ್ಟೇ. ಗಡಿಯಾರದ್ದು 82½ ಡಿಗ್ರಿ ಪೂರ್ವ ರೇಖಾಂಶದ ಹೊತ್ತು. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು, ಕೆಳಗೆ ಆಂಧ್ರದ ಕಾಕಿನಾಡದ ಪಕ್ಕದಲ್ಲಿ ಸಮುದ್ರಕ್ಕಿಳಿಯುತ್ತದೆ. ಹುಬ್ಬಳ್ಳಿ ಇರುವುದು 75.12 ಡಿಗ್ರಿಯಲ್ಲಿ. ಅಂತರ 7.38 ಡಿಗ್ರಿ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು, ಹಾಗಾಗಿ ನಿಮ್ಮೂರಿಗೆ ಸೂರ್ಯ ಇಪ್ಪತ್ತೊಂಬತ್ತೂವರೆ ನಿಮಿಷ ತಡ.

ಉಳಿದ ಊರುಗಳ ಲೆಕ್ಕವೂ ಹೀಗೆಯೇ: ಕಾರವಾರ 33½ ನಿಮಿಷ, ಬೆಳಗಾವಿ 32, ಮಂಗಳೂರು 31, ಶಿವಮೊಗ್ಗ 28, ಮೈಸೂರು 23½, ಬಳ್ಳಾರಿ 22, ಬೆಂಗಳೂರು 20, ಕೋಲಾರ 17½. ಕಾರವಾರಕ್ಕೂ ಕೋಲಾರಕ್ಕೂ ಕಾಲು ಗಂಟೆಗಿಂತ ಹೆಚ್ಚು ವ್ಯತ್ಯಾಸ!

ಇಷ್ಟಕ್ಕೇ ಮುಗಿಯುವುದಿಲ್ಲ. ಸೂರ್ಯ ವರ್ಷವಿಡೀ ಗಡಿಯಾರದ ಹೆಜ್ಜೆಗೆ ಹೆಜ್ಜೆ ಹಾಕುವುದಿಲ್ಲ. ಭೂಮಿಯ ದಾರಿ ದೀರ್ಘವೃತ್ತ. ಜನವರಿಯಲ್ಲಿ ಸೆಕೆಂಡಿಗೆ ಸುಮಾರು 30.3 ಕಿ.ಮೀ. ಓಡಿದರೆ ಜುಲೈನಲ್ಲಿ 29.3 ಕಿ.ಮೀ. ಜೊತೆಗೆ ಅಕ್ಷ ಬೇರೆ 23½ ಡಿಗ್ರಿ ವಾಲಿದೆ. ಎರಡೂ ಸೇರಿ ಫೆಬ್ರವರಿ 11ರ ಸುಮಾರಿಗೆ ಸೂರ್ಯ 14 ನಿಮಿಷ ಹಿಂದೆ ಬೀಳುತ್ತಾನೆ, ನವೆಂಬರ್ 3ರ ಸುಮಾರಿಗೆ 16 ನಿಮಿಷಕ್ಕೂ ಹೆಚ್ಚು ಮುಂದೆ ಇರುತ್ತಾನೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1, ಡಿಸೆಂಬರ್ 25ರ ಆಸುಪಾಸಿನಲ್ಲಿ ವ್ಯತ್ಯಾಸ ಸೊನ್ನೆ. ಇದಕ್ಕೆ ಕಾಲ ಸಮೀಕರಣ ಎನ್ನುತ್ತಾರೆ.

ನೀವು ಅಳೆದ ದಿನವೇ ಅತಿ ಹೆಚ್ಚು ತಡ ಇರುವ ಹೊತ್ತು. 29½ಕ್ಕೆ 14 ಕೂಡಿಸಿ: ಹುಬ್ಬಳ್ಳಿಯ ನಿಜವಾದ ಮಧ್ಯಾಹ್ನ ಅಂದು 12:44ಕ್ಕೆ. ಅದೇ ಕೋಲನ್ನು ನವೆಂಬರ್ 3ರಂದು ನೋಡಿದರೆ 12:13ಕ್ಕೇ ಮಧ್ಯಾಹ್ನ ಆಗಿರುತ್ತದೆ.

ಇನ್ನು 20 ಡಿಗ್ರಿ. 44 ನಿಮಿಷದಲ್ಲಿ ಭೂಮಿ ತಿರುಗುವುದು 11 ಡಿಗ್ರಿ ಮಾತ್ರ, ನೆರಳು ಯಾಕೆ 20 ವಾಲಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನೆಲದ ಮೇಲಿನ ನೆರಳು ಗಂಟೆಗೆ 15 ಡಿಗ್ರಿಯಂತೆ ಸಮನಾಗಿ ತಿರುಗುವುದಿಲ್ಲ. ಸೂರ್ಯ ಎತ್ತರದಲ್ಲಿದ್ದಷ್ಟೂ ಮಧ್ಯಾಹ್ನದ ಸುತ್ತ ನೆರಳು ಬೇಗ ತಿರುಗುತ್ತದೆ. ಲೆಕ್ಕ ಹಾಕಿ ನೋಡಿದೆ, ಫೆಬ್ರವರಿ 10ರ 12 ಗಂಟೆಗೆ ಹುಬ್ಬಳ್ಳಿಯಲ್ಲಿ ಉತ್ತರದಿಂದ 20.4 ಡಿಗ್ರಿ ಪಶ್ಚಿಮ ಬರುತ್ತದೆ. ನಿಮ್ಮ ಮಕ್ಕಳು ಚೆನ್ನಾಗಿಯೇ ಅಳೆದಿದ್ದಾರೆ.

---

ಶಂಕುಛಾಯೆ

ರೇಖಾಂಶ ಅವರ ಲೆಕ್ಕ ಸರಿ. ಆದರೆ ತರಗತಿಯಲ್ಲಿ ಲೆಕ್ಕದಿಂದ ಶುರು ಮಾಡಬೇಡಿ. ಉತ್ತರ ದಿಕ್ಕು ಹುಡುಕಲು ಗಡಿಯಾರವೇ ಬೇಡ, ದಿಕ್ಸೂಚಿಯೂ ಬೇಡ. ಸೂರ್ಯಸಿದ್ಧಾಂತವೆಂಬ ಹಳೆಯ ಖಗೋಳ ಗ್ರಂಥದ ತ್ರಿಪ್ರಶ್ನಾಧಿಕಾರ ಎಂಬ ಅಧ್ಯಾಯದಲ್ಲಿರುವ ಶಂಕುವಿನ (ನೆಟ್ಟ ಕೋಲಿನ) ವಿಧಾನವೇ ಇವತ್ತಿಗೂ ಅಂಗಳದಲ್ಲಿ ಮಾಡಬಹುದಾದ ಒಳ್ಳೆಯ ವಿಧಾನ.

ನೆಲ ಸಮತಟ್ಟಾಗಿರಬೇಕು. ಅಂಗಳ ಕಣ್ಣಿಗೆ ಸಮತಟ್ಟು ಅನಿಸಿದರೂ ಮಳೆನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಒಂದು ಪ್ಲೈವುಡ್ ಹಲಗೆ ಹಾಕಿ, ಅಡಿಗೆ ಕಲ್ಲುಚೂರು ಕೊಟ್ಟು ರಸಮಟ್ಟದಲ್ಲಿ ಎರಡೂ ದಿಕ್ಕಿಗೆ ನೋಡಿಕೊಳ್ಳಿ. ಕೋಲನ್ನು ಗಾರೆಯವರ ತೂಗುಗುಂಡು ಹಿಡಿದು ಎರಡು ಕಡೆಯಿಂದ ನೆಟ್ಟಗೆ ಮಾಡಿ. ಉತ್ತರ-ದಕ್ಷಿಣವಾಗಿ ಕೋಲು 1 ಡಿಗ್ರಿ ವಾಲಿದರೂ ನೆರಳಿನಿಂದ ಸಿಗುವ ಅಕ್ಷಾಂಶ ಹೆಚ್ಚುಕಡಿಮೆ 1 ಡಿಗ್ರಿ ತಪ್ಪುತ್ತದೆ. ನಕ್ಷೆಯಲ್ಲಿ ಅದು 110 ಕಿ.ಮೀ.

ಬೆಳಿಗ್ಗೆ 10:30ರ ಸುಮಾರಿಗೆ ನೆರಳಿನ ತುದಿಗೆ ಗುರುತು ಹಾಕಿ. ಕೋಲಿನ ಬುಡ ಕೇಂದ್ರವಾಗಿ, ಆ ಗುರುತಿನ ಮೂಲಕ ದಾರದಿಂದ ವೃತ್ತ ಎಳೆಯಿರಿ. ನೆರಳು ಗಿಡ್ಡವಾಗುತ್ತಾ ವೃತ್ತದ ಒಳಗೆ ಹೋಗಿ, ಮಧ್ಯಾಹ್ನದ ನಂತರ ಉದ್ದವಾಗಿ ಮತ್ತೆ ವೃತ್ತವನ್ನು ಮುಟ್ಟುತ್ತದೆ. ಫೆಬ್ರವರಿಯಲ್ಲಿ ನಿಮ್ಮೂರಿಗೆ ಅದು 2:58ರ ಆಸುಪಾಸು. ಅಲ್ಲಿ ಎರಡನೇ ಗುರುತು ಹಾಕಿ. ಎರಡು ಗುರುತು ಸೇರಿಸಿದ ಗೆರೆ ಪೂರ್ವ-ಪಶ್ಚಿಮ. ಅದರ ಮಧ್ಯಬಿಂದುವಿನಿಂದ ಕೋಲಿನ ಬುಡಕ್ಕೆ ಎಳೆದರೆ ಉತ್ತರ-ದಕ್ಷಿಣ. ಎರಡು ಹೊತ್ತುಗಳ ಸರಾಸರಿ ತೆಗೆದರೆ ನಿಜವಾದ ಮಧ್ಯಾಹ್ನವೂ ಸಿಕ್ಕಿತು: 10:30 ಮತ್ತು 2:58ರ ನಡು 12:44. ಇದಾದ ಮೇಲೆ ರೇಖಾಂಶದ ಲೆಕ್ಕ ಹೇಳಿಕೊಟ್ಟರೆ ಮಕ್ಕಳಿಗೆ ಅದು ಎಲ್ಲಿಂದ ಬಂತೆಂದು ತಿಳಿಯುತ್ತದೆ. ಮೋಡದ ಭಯವಿದ್ದರೆ 10, 10:30, 11ಕ್ಕೆ ಮೂರು ವೃತ್ತ ಎಳೆದಿಡಿ, ಮಧ್ಯಾಹ್ನದ ಮೇಲೆ ಒಂದಾದರೂ ಸಿಗುತ್ತದೆ.

"ನೆರಳು ಅತಿ ಗಿಡ್ಡ ಆಗುವ ಕ್ಷಣ ಹಿಡಿಯಿರಿ" ಎಂದು ಬಹಳ ಕಡೆ ಬರೆದಿರುತ್ತದೆ. ಓದಲು ಸುಲಭ, ಮಾಡಲು ಕಷ್ಟ. ಮಧ್ಯಾಹ್ನದ ಹಿಂದುಮುಂದಿನ ಕೆಲವು ನಿಮಿಷ ಉದ್ದ ಬದಲಾಗುವುದೇ ಕಾಣುವುದಿಲ್ಲ. ಉದ್ದ ಬೇಕಿದ್ದರೆ ಆ ಹೊತ್ತು ಅಳೆಯಿರಿ, ದಿಕ್ಕು ಬೇಕಿದ್ದರೆ ವೃತ್ತವನ್ನೇ ನಂಬಿ.

ಇನ್ನೊಂದು ತೊಂದರೆ ನೆರಳಿನ ತುದಿಯ ಮಬ್ಬು. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. 1 ಮೀಟರ್ ಕೋಲಿನ ತುದಿ ನೆರಳು ಒಂದು ಸೆಂಟಿಮೀಟರಿಗೂ ಹೆಚ್ಚು ಮಸುಕಾಗುತ್ತದೆ. ಒಬ್ಬ ಹುಡುಗ 57 ಅಂದರೆ ಇನ್ನೊಬ್ಬಳು 58 ಅನ್ನುತ್ತಾಳೆ, ಇಬ್ಬರೂ ಸರಿಯೇ. ಇದಕ್ಕೆ ಉಪಾಯ: ಕೋಲಿನ ತುದಿಗೆ ರಟ್ಟಿನ ಚೂರು ಅಂಟಿಸಿ ಅದರಲ್ಲಿ 3 ಮಿ.ಮೀ. ತೂತು ಮಾಡಿ. ನೆರಳಿನ ನಡುವೆ ದುಂಡನೆಯ ಬೆಳಕಿನ ಚುಕ್ಕೆ ಬೀಳುತ್ತದೆ, ಅದರ ನಡುವನ್ನು ಗುರುತಿಸಿ. ಎತ್ತರವನ್ನು ತೂತಿನಿಂದ ಅಳೆಯಬೇಕು, ಬುಡವನ್ನು ತೂತಿನ ನೇರ ಕೆಳಗೆ ತೂಗುಗುಂಡು ಬಿಟ್ಟು ಗುರುತಿಸಬೇಕು. ಇದನ್ನು ಮರೆತರೆ ರಟ್ಟು ಕೋಲಿನಿಂದ ಹೊರಚಾಚಿದಷ್ಟೂ ತಪ್ಪು ಬರುತ್ತದೆ.

ಮೊಬೈಲ್ ದಿಕ್ಸೂಚಿಯ ವಿಷಯ: ಕೋಲು ಕಬ್ಬಿಣದ್ದಾ? ಹಾಗಿದ್ದರೆ ಉತ್ತರ ಸಿಕ್ಕಿತಲ್ಲ. ಕಾಂಕ್ರೀಟಿನೊಳಗಿನ ಸರಳು, ಧ್ವಜಸ್ತಂಭ, ನಿಲ್ಲಿಸಿದ ಬೈಕು, ಮೊಬೈಲ್ ಕವರಿನ ಅಯಸ್ಕಾಂತ, ಎಲ್ಲವೂ ಎಳೆಯುತ್ತವೆ. ಕರ್ನಾಟಕದಲ್ಲಿ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಸುಮಾರು ಒಂದು ಡಿಗ್ರಿ ಮಾತ್ರ. ಅದಕ್ಕಿಂತ ಬಹಳ ಹೆಚ್ಚು ಬಂದರೆ ಭೂಮಿಯ ಮೇಲೆ ಆರೋಪ ಹೊರಿಸಬೇಡಿ.

---

ಬಿಸಿಲು_ಮಳೆ

ಸೂರ್ಯ ನೆತ್ತಿಗೆ ಬರುವ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಜೂನ್ 21ಕ್ಕೆ ಸೂರ್ಯ ನೆತ್ತಿಯ ಮೇಲಿರುವುದು ಕರ್ಕಾಟಕ ಸಂಕ್ರಾಂತಿ ವೃತ್ತದ ಮೇಲಿನ ಊರುಗಳಿಗೆ ಮಾತ್ರ, ಅಂದರೆ ಗುಜರಾತಿನಿಂದ ಮಿಜೋರಾಂವರೆಗೆ ಆ ಗೆರೆ ಹಾಯುವ ಜಾಗಗಳಿಗೆ. ಕರ್ನಾಟಕ ಪೂರ್ತಿ ಅದರ ದಕ್ಷಿಣಕ್ಕಿದೆ. ಹಾಗಾಗಿ ನಮ್ಮ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ಸಲ ಶೂನ್ಯ ನೆರಳಿನ ದಿನ ಬರುತ್ತದೆ: ಸೂರ್ಯ ಬಡಗಣಕ್ಕೆ ಹೋಗುವಾಗ ಒಮ್ಮೆ, ಇಳಿದು ಬರುವಾಗ ಇನ್ನೊಮ್ಮೆ. ದೆಹಲಿಗೆ ಒಂದು ಸಲವೂ ಇಲ್ಲ.

ನಿಮ್ಮ ಅಕ್ಷಾಂಶ ಎಷ್ಟೋ ಸೂರ್ಯನ ಕ್ರಾಂತಿಯೂ (ಸೂರ್ಯ ಸಮಭಾಜಕದಿಂದ ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾನೆ ಎಂಬ ಅಳತೆ) ಅಷ್ಟಾದ ದಿನ ನೆರಳು ಕೋಲಿನ ಬುಡದೊಳಗೆ ಅಡಗುತ್ತದೆ. ಮೈಸೂರಿಗೆ ಏಪ್ರಿಲ್ 22, ಬೆಂಗಳೂರಿಗೆ ಏಪ್ರಿಲ್ 24, ಹುಬ್ಬಳ್ಳಿಗೆ ಮೇ 2, ಕಲಬುರಗಿಗೆ ಮೇ 9, ಬೀದರಿಗೆ ಮೇ 11. ವಾಪಸು ಬರುವಾಗ ಬೀದರಿಗೆ ಆಗಸ್ಟ್ 2, ಕಲಬುರಗಿಗೆ 4, ಹುಬ್ಬಳ್ಳಿಗೆ 11, ಬೆಂಗಳೂರಿಗೆ 18. ಅಧಿಕ ವರ್ಷದ ದೆಸೆಯಿಂದ ಒಂದು ದಿನ ಆಚೀಚೆ ಆಗಬಹುದು. ಆಗಸ್ಟಿನದನ್ನು ನೆಚ್ಚಿಕೊಳ್ಳಬೇಡಿ, ಮೋಡ ಬಿಡುವುದಿಲ್ಲ. ಹುಬ್ಬಳ್ಳಿಯಲ್ಲಿ ಮೇ 2ರಂದು ನೋಡಬೇಕಾದ ಹೊತ್ತು 12:26. ರಜೆಯ ದಿನಗಳಾದರೂ ಮಕ್ಕಳು ಮನೆಯಂಗಳದಲ್ಲಿ ಮಾಡಬಹುದು, ನೇರ ಅಂಚಿನ ಸ್ಟೀಲ್ ಲೋಟ ಬೋರಲು ಹಾಕಿದರೂ ಸಾಕು. ಹತ್ತು ನಿಮಿಷ ತಡವಾದರೆ ನೆರಳು ಮತ್ತೆ ಹೊರಗೆ ಇಣುಕುತ್ತದೆ.

ಮೇ 2ರಿಂದ ಆಗಸ್ಟ್ 11ರವರೆಗೆ ಹುಬ್ಬಳ್ಳಿಯಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ಕ್ಕೆ 1 ಮೀಟರ್ ಕೋಲಿಗೆ ದಕ್ಷಿಣದಲ್ಲಿ 14 ಸೆಂ.ಮೀ. "ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೆ" ಎಂಬ ವಾಕ್ಯ ದೆಹಲಿಗೆ ಸರಿ, ನಮಗೆ ಮೂರು ತಿಂಗಳಿಗೂ ಹೆಚ್ಚು ಕಾಲ ತಪ್ಪು. ಬೇಸಿಗೆಯಲ್ಲಿ ಉತ್ತರದ ಕಿಟಕಿಯಿಂದ ಬಿಸಿಲು ಬರುವುದಕ್ಕೂ ಇದೇ ಕಾರಣ.

ಈಗ ಸೆಖೆ. ಏಪ್ರಿಲ್-ಮೇನಲ್ಲಿ ಸೂರ್ಯ ನೆತ್ತಿಯ ಹತ್ತಿರ, ಆಕಾಶ ಬರಿದು, ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ. ಬಿದ್ದ ಶಾಖವೆಲ್ಲ ನೆಲ ಮತ್ತು ಗಾಳಿ ಕಾಯಿಸಲಿಕ್ಕೇ ಹೋಗುತ್ತದೆ. ಜೂನ್‌ನಲ್ಲೂ ಸೂರ್ಯ ಕೆಳಗಿಳಿದಿಲ್ಲ, 21ನೇ ತಾರೀಕು ಹುಬ್ಬಳ್ಳಿಯ ಮಧ್ಯಾಹ್ನ ಸೂರ್ಯ 82 ಡಿಗ್ರಿ ಎತ್ತರದಲ್ಲಿರುತ್ತಾನೆ, ಹಗಲು 13 ಗಂಟೆ 2 ನಿಮಿಷ. ಆದರೆ ಅಷ್ಟರಲ್ಲಿ ಮುಂಗಾರು ಬಂದಿರುತ್ತದೆ. ಮೋಡ ಬಿಸಿಲನ್ನು ಮೇಲೇ ತಡೆಯುತ್ತದೆ. ಕೆಳಗೆ ಬಂದದ್ದರಲ್ಲೂ ದೊಡ್ಡ ಪಾಲು ಒದ್ದೆ ನೆಲದ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಬಿಸಿಲು ಚುರುಗುಟ್ಟುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ನಮ್ಮ ಕಡೆಯ ಋತುಗಳನ್ನು ಬರೀ ಅಕ್ಷದ ವಾಲುವಿಕೆಯಿಂದ ವಿವರಿಸಲು ಹೋಗಬೇಡಿ, ಅರ್ಧ ಕೆಲಸ ಮುಂಗಾರಿನದು.

---

ಕರಾವಳಿ_ಓದುಗ

ಒಂದು ಸಂದೇಹ. ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ ಎಂದೇ ಓದಿದ ನೆನಪು. ಅದು ಪೂರ್ತಿ ಸುಳ್ಳೇ?

---

ರೇಖಾಂಶ

ಹತ್ತಿರ ಬರುವುದು ನಿಜ, ಆದರೆ ಬರುವುದು ಜನವರಿಯಲ್ಲಿ! ಜನವರಿ 3-5ರ ಸುಮಾರಿಗೆ 14.71 ಕೋಟಿ ಕಿ.ಮೀ., ಜುಲೈ ಮೊದಲ ವಾರದಲ್ಲಿ 15.21 ಕೋಟಿ ಕಿ.ಮೀ. ಇದರಿಂದ ಬರುವ ಬಿಸಿಲಿನಲ್ಲಿ 7% ವ್ಯತ್ಯಾಸವಾಗುತ್ತದೆ, ಅದೇನು ಕಡಿಮೆಯಲ್ಲ. ಆದರೆ ಓರೆಯಾಗಿ ಬೀಳುವ ಬಿಸಿಲಿನ ನಷ್ಟ ಅದಕ್ಕಿಂತ ದೊಡ್ಡದು. ಡಿಸೆಂಬರ್ 22ರ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಸೂರ್ಯನ ಎತ್ತರ 51 ಡಿಗ್ರಿ. ಒಂದು ಚದರ ಮೀಟರ್ ನೆಲಕ್ಕೆ ಬೀಳುವುದು ನೆತ್ತಿ ಬಿಸಿಲಿನ 78% ಮಾತ್ರ, ಹಗಲೂ 11 ಗಂಟೆ 13 ನಿಮಿಷಕ್ಕೆ ಇಳಿದಿರುತ್ತದೆ. ಟಾರ್ಚನ್ನು ಚೌಕುಳಿ ಹಾಳೆಯ ಮೇಲೆ ನೇರವಾಗಿ ಹಿಡಿದು ಬೆಳಕು ಬಿದ್ದ ಚೌಕ ಎಣಿಸಿ, ಆಮೇಲೆ ಅಷ್ಟೇ ದೂರದಿಂದ ಹಾಳೆಗೆ 51 ಡಿಗ್ರಿ ಕೋನವಾಗುವಂತೆ ಓರೆ ಹಿಡಿದು ಎಣಿಸಿ. ಮಕ್ಕಳೇ ಲೆಕ್ಕ ಹೇಳುತ್ತಾರೆ.

---

ಮೆಲ್ಬರ್ನ್ ಕನ್ನಡತಿ

ದೂರದ ವಾದಕ್ಕೆ ಇಲ್ಲಿಂದ ಸಾಕ್ಷಿ: ಜನವರಿಯೇ ನಮಗೆ ಕಡುಬೇಸಿಗೆ. ಇಲ್ಲಿ ಈ ಪ್ರಯೋಗ ಮಾಡಿಸುವವರು ಎರಡು ವಿಷಯ ಗಮನಿಸಿ. ಮೆಲ್ಬರ್ನ್ ಇರುವುದು ಸುಮಾರು 37.8 ಡಿಗ್ರಿ ದಕ್ಷಿಣದಲ್ಲಿ. ಆದ್ದರಿಂದ ಮಧ್ಯಾಹ್ನದ ನೆರಳು ವರ್ಷಪೂರ್ತಿ ದಕ್ಷಿಣಕ್ಕೇ. ಭಾರತದ ಪುಸ್ತಕ ನೋಡಿ ಅದನ್ನು ಉತ್ತರ ಎಂದು ಗುರುತಿಸಿದರೆ ನಕ್ಷೆ ತಲೆಕೆಳಗು. ಗಡಿಯಾರದ್ದು 150 ಡಿಗ್ರಿ ಪೂರ್ವ ರೇಖಾಂಶ, ಊರು 145ರಲ್ಲಿ, ಹಾಗಾಗಿ ಬೆಂಗಳೂರಿನಂತೆಯೇ 20 ನಿಮಿಷ ತಡ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿರುತ್ತಾರೆ, ಆಗ ನಿಜವಾದ ಮಧ್ಯಾಹ್ನ 1:20ರ ಆಸುಪಾಸು.

---

ಹುಬ್ಬಳ್ಳಿ ಮೇಷ್ಟ್ರು

ಕೋಲು ಕಬ್ಬಿಣದ್ದೇ, ಬಿದಿರಿಗೆ ಬದಲಾಯಿಸುತ್ತೇನೆ. ಎಲ್ಲರಿಗೂ ಧನ್ಯವಾದ. ಸಂಕ್ರಾಂತಿ ಪ್ರಶ್ನೆ ಹಾಗೇ ಉಳಿದಿದೆ. ಮತ್ತೆ, ಈ ಅಳತೆಗಳನ್ನು ನಕ್ಷೆಯ ಪಾಠಕ್ಕೆ ಹೇಗೆ ಜೋಡಿಸುವುದು?

---

ಶಂಕುಛಾಯೆ

ಸಂಕ್ರಾಂತಿಯನ್ನು ಕೋಲೇ ಇತ್ಯರ್ಥ ಮಾಡುತ್ತದೆ. ಹುಬ್ಬಳ್ಳಿಯಲ್ಲಿ 1 ಮೀಟರ್ ಕೋಲಿನ ಮಧ್ಯಾಹ್ನದ ನೆರಳು ಡಿಸೆಂಬರ್ 22ಕ್ಕೆ 80 ಸೆಂ.ಮೀ., ಜನವರಿ 14ಕ್ಕೆ 74-75. ಅಂದರೆ ಸಂಕ್ರಾಂತಿಯ ಹೊತ್ತಿಗೆ ಸೂರ್ಯ ಉತ್ತರಕ್ಕೆ ಹೊರಟು ಮೂರು ವಾರ ದಾಟಿರುತ್ತದೆ. ಪಂಚಾಂಗ ಲೆಕ್ಕ ಹಾಕುವುದು ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯ ಮಕರ ರಾಶಿಗೆ ಬರುವ ಗಳಿಗೆಯನ್ನು. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತಿನಂತೆ ನಿಧಾನವಾಗಿ ತಿರುಗುವುದರಿಂದ ಈ ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೆಳೆಯುತ್ತದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು. ಎಳ್ಳು-ಬೆಲ್ಲ ಜನವರಿಯಲ್ಲೇ ಇರಲಿ, ಪರೀಕ್ಷೆಯಲ್ಲಿ ಡಿಸೆಂಬರ್ 21-22 ಬರೆಯಲಿ.

ಹಾಗೆಯೇ, ಮಾರ್ಚ್ 20-21ರಂದು ಕೋಲನ್ನು ಮರೆಯಬೇಡಿ. ಅಂದು ನೆರಳಿನ ತುದಿ ದಿನವಿಡೀ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತದೆ, ಅದೇ ಪೂರ್ವ-ಪಶ್ಚಿಮ. ಮಧ್ಯಾಹ್ನದ ನೆರಳಿನ ಕೋನವೇ (ಕೋಲಿನ ತುದಿಯಲ್ಲಿ ಕೋಲಿಗೂ ಬಿಸಿಲಿನ ಗೆರೆಗೂ ನಡುವಿನದು) ನಿಮ್ಮ ಅಕ್ಷಾಂಶ, ಬೇರೆ ಕೂಡುವ-ಕಳೆಯುವ ಕೆಲಸವಿಲ್ಲ. ಹುಬ್ಬಳ್ಳಿಗೆ 27½ ಸೆಂ.ಮೀ. ಬರಬೇಕು. ಅಂದು ಹಗಲು-ರಾತ್ರಿ ಸಮ ಎನ್ನುವುದು ಮಾತ್ರ ಪೂರ್ತಿ ನಿಜವಲ್ಲ: ವಾಯುಮಂಡಲ ಬೆಳಕನ್ನು ಬಗ್ಗಿಸುವುದರಿಂದ, ಸೂರ್ಯನ ಮೇಲಂಚು ಕಂಡೊಡನೆ ಉದಯ ಎಂದು ಎಣಿಸುವುದರಿಂದ ನಮ್ಮಲ್ಲಿ ಹಗಲು 12 ಗಂಟೆಗಿಂತ ಸುಮಾರು 7 ನಿಮಿಷ ಜಾಸ್ತಿ ಇರುತ್ತದೆ.

---

ಟೋಪೋಶೀಟ್

ನಕ್ಷೆಗೆ ಜೋಡಿಸುವ ದಾರಿ ಎರಡು.

ಮೊದಲನೆಯದು, ನಿಮ್ಮೂರನ್ನು ನೀವೇ ನಕ್ಷೆಯ ಮೇಲೆ ಇಡುವುದು. ನೆರಳಿನ ಉದ್ದದಿಂದ ಅಕ್ಷಾಂಶ, ಮಧ್ಯಾಹ್ನದ ಹೊತ್ತಿನಿಂದ ರೇಖಾಂಶ. ಫೆಬ್ರವರಿ 10ಕ್ಕೆ ನೆರಳು 57 ಸೆಂ.ಮೀ. ಬಂದಿದ್ದರೆ ಕೋನ 29.7 ಡಿಗ್ರಿ, ಅದರಿಂದ ಅಂದಿನ ಕ್ರಾಂತಿ 14.4 ಕಳೆದರೆ 15.3. ಆದರೆ ತಪ್ಪಿನ ಪ್ರಮಾಣವನ್ನೂ ಹೇಳಿಕೊಡಿ. ನೆರಳಿನಲ್ಲಿ 1 ಸೆಂ.ಮೀ. ತಪ್ಪಿದರೆ ಸುಮಾರು 48 ಕಿ.ಮೀ. ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತೀರಿ. ಹೊತ್ತಿನಲ್ಲಿ 1 ನಿಮಿಷ ತಪ್ಪಿದರೆ ಪೂರ್ವ-ಪಶ್ಚಿಮವಾಗಿ ಸುಮಾರು 27 ಕಿ.ಮೀ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಟೋಪೋಶೀಟ್ (ಸ್ಥಳಾಕೃತಿ ನಕ್ಷೆಯ ಹಾಳೆ) ಒಂದೊಂದೂ 15 ಮಿನಿಟ್ (ಕಾಲು ಡಿಗ್ರಿ) ಅಕ್ಷಾಂಶ, 15 ಮಿನಿಟ್ ರೇಖಾಂಶದ ಚೌಕ. ನೆಲದ ಮೇಲೆ ಅದರ ಅಗಲವೂ ಹೆಚ್ಚುಕಡಿಮೆ 27 ಕಿ.ಮೀ. ಅಂದರೆ ಒಂದು ನಿಮಿಷ ತಪ್ಪಿದ ಮಕ್ಕಳು ಪಕ್ಕದ ಹಾಳೆಗೆ ಹೋಗಿ ಬೀಳುತ್ತಾರೆ. ಹುಬ್ಬಳ್ಳಿಯ ಹಾಳೆ 48 ಎಂ/3, ಬೆಂಗಳೂರಿನ ಬಹುಭಾಗ 57 ಎಚ್/9. ಆ ಪ್ರಮಾಣದಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಚಿಕ್ಕದು ಮಾಡಿಸಿದರೆ ಈ ಲೆಕ್ಕ ಕೆಡುತ್ತದೆ, ಅಡಿಯಲ್ಲಿರುವ ರೇಖಾತ್ಮಕ ಅಳತೆಪಟ್ಟಿ ಮಾತ್ರ ಜೊತೆಗೇ ಚಿಕ್ಕದಾಗುವುದರಿಂದ ಸರಿಯಾಗಿರುತ್ತದೆ.

ಎರಡನೆಯದು ಭೂಮಿಯ ಸುತ್ತಳತೆ. ಬೆಂಗಳೂರು 77.6, ಬೀದರ್ 77.5 ಡಿಗ್ರಿ ರೇಖಾಂಶ, ಒಂದೇ ಗೆರೆಯ ಮೇಲಿವೆ ಎನ್ನಬಹುದು. ಮಾರ್ಚ್ 21ರಂದು 1 ಮೀಟರ್ ಕೋಲಿಗೆ ಬೆಂಗಳೂರಿನಲ್ಲಿ 23 ಸೆಂ.ಮೀ., ಬೀದರಿನಲ್ಲಿ 32.3 ಸೆಂ.ಮೀ. ಕೋನಗಳ ವ್ಯತ್ಯಾಸ 4.9 ಡಿಗ್ರಿ, ನೇರ ದೂರ ಸುಮಾರು 547 ಕಿ.ಮೀ. 360ನ್ನು 4.9ರಿಂದ ಭಾಗಿಸಿ 547ರಿಂದ ಗುಣಿಸಿ: 40,000ದ ಆಸುಪಾಸು. ಇಲ್ಲಿ ಹೆಚ್ಚಿನವರು ಎಡವುವುದು ಬಸ್ಸಿನ ದೂರ ಹಾಕಿ. ಅಟ್ಲಾಸಿನಲ್ಲಿ ಸ್ಕೇಲ್ ಇಟ್ಟು ನೇರ ದೂರವನ್ನೇ ತೆಗೆಯಬೇಕು. ಎರಡೂ ಕಡೆ ಒಂದೇ ದಿನ, ಆದರೆ ಅವರವರ ಊರಿನ ಮಧ್ಯಾಹ್ನಕ್ಕೆ ಅಳೆಯಬೇಕು.

ಕೋನ ಚಿಕ್ಕದಾದ್ದರಿಂದ 1 ಸೆಂ.ಮೀ. ತಪ್ಪೂ ಉತ್ತರವನ್ನು ಶೇಕಡ 10ರಷ್ಟು ಕೆಡಿಸುತ್ತದೆ. ಹುಬ್ಬಳ್ಳಿಗೆ ಜೊತೆ ಬೇಕಿದ್ದರೆ ಜೈಪುರದಲ್ಲಿ ಯಾವುದಾದರೂ ಶಾಲೆ ಹುಡುಕಿ: ರೇಖಾಂಶ 75.8, ಅಕ್ಷಾಂಶದ ಅಂತರ 11½ ಡಿಗ್ರಿ, ಉತ್ತರ-ದಕ್ಷಿಣ ದೂರ ಸುಮಾರು 1,280 ಕಿ.ಮೀ. ಅದೇ ತಪ್ಪಿಗೆ ಉತ್ತರ ಶೇಕಡ 4-5ರಷ್ಟು ಮಾತ್ರ ಕೆಡುತ್ತದೆ. ಅಲ್ಲಿಯವರಿಗೂ ತೂತಿನ ರಟ್ಟು, ತೂಗುಗುಂಡು, ರಸಮಟ್ಟದ ವಿಷಯ ಮೊದಲೇ ಹೇಳಿಡಿ, ಇಲ್ಲದಿದ್ದರೆ ಎರಡು ಊರಿನ ಅಳತೆ ಕೂಡಿಬರುವುದಿಲ್ಲ.